ಕಾಡು ಉಳಿಸುವ ಕೆಲಸಕ್ಕೆ ಸೇರಿ ಮರ ಕಡಿಯುತ್ತಿದ್ದೇನೆ

ಮಧುಗಿರಿ, ಶಿರಾ ಕಡೆಯ ಹುಡುಗ ಹುಡುಗಿಯರು ನನಗೆ ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. ಅಕ್ಕಾ, ವನ್ಯಜೀವಿ ಕೆಲಸಕ್ಕೆ ಸೇರೋದು ಹೇಗೆ, ಎಂ.ಎಸ್ಸಿ. ಮಾಡಿದರೆ ಸಾಕಾ? ನಾನು ಇಂಗ್ಲೆಂಡಿನ ಕೆಂಟ್‌ನಲ್ಲಿ ಟ್ರೈನಿ. ಇಲ್ಲಿ ಓದಿಗಿಂತ ಕೈಕೆಲಸಕ್ಕೆ ಬೆಲೆ ಜಾಸ್ತಿ. ಟ್ರೈನಿಶಿಪ್ ಅಂದರೆ ಒಂದು ವರ್ಷದ ಆಸುಪಾಸು ಕಾಡಿನ ಕೆಲಸ ಮಾಡುತ್ತಲೇ ಕಲಿಯುವುದು. ಕೆಲವು ಕಡೆ ಕನಿಷ್ಠ ವೇತನ ಸಿಗುತ್ತದೆ, ಕೆಲವು ಕಡೆ ಸಣ್ಣ ಭತ್ಯೆ ಅಷ್ಟೆ. ಪ್ರಥಮ ಚಿಕಿತ್ಸೆ, ಚೈನ್‌ಸಾ ಅನ್ನೋ ಯಂತ್ರದ ಗರಗಸ, ಕಳೆನಾಶಕ ಬಳಕೆ, ಇಂಥ ಸರ್ಟಿಫಿಕೇಟ್‌ಗಳನ್ನು ಅವರೇ ಮಾಡಿಸುವುದೂ ಉಂಟು. ಮುಂದೆ ಕೆಲಸ ಕೊಡುವವರು ಮೊದಲು ನೋಡುವುದು ಅವನ್ನೇ. ಕಾರು ಓಡಿಸುವ ಲೈಸೆನ್ಸ್ ಕೂಡ ಬೇಕಾಗುತ್ತದೆ. ಕಾಡಿನ ಬಾಗಿಲಿಗೆ ಬಸ್ ಬರುವುದಿಲ್ಲವಲ್ಲ.

ಇಂಟರ್‌ವ್ಯೂನಲ್ಲಿ ನನ್ನ ಅಂಕಗಳ ಬಗ್ಗೆ ಯಾರೂ ಕೇಳಲಿಲ್ಲ. ಕೇಳಿದ್ದು ಕಗ್ಗಲಡು ಬಗ್ಗೆ. ಶಿರಾ ತಾಲ್ಲೂಕಿನ ಆ ಊರಿನ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಮನೆಗಳ ನೆತ್ತಿಯ ಮೇಲೇ. ಕಾಲೇಜಿನ ದಿನಗಳಲ್ಲಿ ಅಲ್ಲಿ ಯಾವ ಮರದಲ್ಲಿ ಎಷ್ಟು ಗೂಡು, ಯಾವ ದಿನ ನೋಡಿದ್ದು ಅಂತ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಅಷ್ಟು ಗಲೀಜು, ಅಷ್ಟು ಗಲಾಟೆ ಇದ್ದರೂ ಊರವರು ಹಕ್ಕಿಗಳನ್ನು ಯಾಕೆ ಓಡಿಸುವುದಿಲ್ಲ ಅಂತ ಇಲ್ಲಿನವರು ಬಿಡದೆ ಕೇಳಿದರು. ಉಳಿದ ಪ್ರಶ್ನೆಗಳು ಬೇಗ ಮುಗಿದವು.

ಈಗ ಕೆಲಸದ ಮಾತು. ಚಳಿಗಾಲ ಪೂರ್ತಿ ಮರ ಕಡಿಯುವುದು. ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ, "ಅಲ್ಲ ಕಣೇ, ಕಾಡು ಉಳಿಸ್ತೀನಿ ಅಂತ ಹೋದೋಳು ಮರ ಕಡೀತಾ ಕೂತಿದೀಯಲ್ಲ!" ಅಂದರು. ಆಗ ನೆನಪಿಗೆ ಬಂದದ್ದು ನಮ್ಮ ಹಿಪ್ಪುನೇರಳೆ ತೋಟ. ಬುಡಕ್ಕೆ ಕತ್ತರಿಸಿದರೂ ಮತ್ತೆ ಚಿಗುರುತ್ತದಲ್ಲ, ಇಲ್ಲಿನ ಹೇಜಲ್ ಗಿಡವೂ ಹಾಗೇ. ಅಮ್ಮನಿಗೆ ತಕ್ಷಣ ಅರ್ಥವಾಯಿತು. ಶತಮಾನಗಳಿಂದ ಇಲ್ಲಿನ ಜನ ಇದನ್ನು ಸರದಿಯ ಮೇಲೆ ಕಡಿಯುತ್ತಾ ಬಂದಿದ್ದಾರೆ. ಹೀಗೆ ಕಡಿಯುವುದಕ್ಕೆ ಕಾಪಿಸಿಂಗ್ ಅನ್ನುತ್ತಾರೆ. ಕಡಿದ ಜಾಗದಲ್ಲಿ ಬಿಸಿಲು ನೆಲ ಮುಟ್ಟುತ್ತದೆ, ಹೂಗಿಡ ಏಳುತ್ತವೆ. ಹೀತ್ ಫ್ರಿಟಿಲರಿ ಅನ್ನೋ ಅಪರೂಪದ ಚಿಟ್ಟೆಯ ಮರಿಹುಳು ಇಲ್ಲಿ ತಿನ್ನುವ ಕೌ-ವೀಟ್ ಗಿಡ ಬೆಳೆಯುವುದು ಇಂಥ ತೆರಪಿನಲ್ಲಿ. ಕಡಿಯುವುದು ನಿಂತ ಕಾಡುಗಳಲ್ಲಿ ಆ ಚಿಟ್ಟೆ ಕಾಣೆಯಾಗುತ್ತಾ ಹೋಯಿತು. ಕ್ಯಾಂಟರ್ಬರಿ ಹತ್ತಿರದ ಬ್ಲೀನ್ ಕಾಡಿಗೆ 2022ರ ಜುಲೈನಲ್ಲಿ ಯುರೋಪಿಯನ್ ಬೈಸನ್‌ಗಳನ್ನೇ ತಂದು ಬಿಟ್ಟರು, ನಮ್ಮ ಕಾಟಿಯ ದೂರದ ನೆಂಟರು ಇವು. ತೊಗಟೆ ಕಿತ್ತು, ಮೈ ಉಜ್ಜಿ, ಗಿಡ ಮುರಿದು ಕಾಡಿಗೆ ಬೆಳಕು ತರಲಿ ಅಂತ. ಬೈಸನ್ ಇಲ್ಲದ ಕಡೆ ಆ ಕೆಲಸ ನಮ್ಮ ಪಾಲಿಗೆ!

ಕಡಿಯುವಾಗಲೂ ಕಾಲಿನ ಕೆಳಗೆ ನೋಡುತ್ತಿರಬೇಕು. ಹೇಜಲ್ ಡಾರ್ಮೌಸ್ ಅನ್ನೋ ಹೊಂಬಣ್ಣದ ಪುಟ್ಟ ಪ್ರಾಣಿ ಚಳಿಗಾಲದಲ್ಲಿ ನೆಲದ ಮೇಲೆ, ಎಲೆಗಳ ನಡುವೆ ಗೂಡು ಮಾಡಿ ನಿದ್ದೆ ಹೋಗಿರುತ್ತದೆ. 2000ದಿಂದ ಈಚೆಗೆ ಬ್ರಿಟನ್ನಿನಲ್ಲಿ ಇದರ ಸಂಖ್ಯೆ ಸುಮಾರು ಶೇ. 70ರಷ್ಟು ಇಳಿದಿದೆ. ಲೈಸೆನ್ಸ್ ಇಲ್ಲದೆ ಅದನ್ನು ಮುಟ್ಟುವಂತಿಲ್ಲ. ಹಾಗಾಗಿ ಅದಕ್ಕೆಂದು ಮರಕ್ಕೆ ಕಟ್ಟಿದ ಗೂಡುಪೆಟ್ಟಿಗೆ ತೆರೆಯುವುದು ಸೀನಿಯರ್, ಪ್ರಾಣಿಯ ತೂಕ ಬರೆದುಕೊಳ್ಳುವುದು ನಾನು.

ಮಾರ್ಚ್‌ನಲ್ಲಿ ಹಕ್ಕಿ ಗೂಡು ಕಟ್ಟುವ ಕಾಲ. ಗರಗಸ ಒಳಗೆ, ಪೆನ್ಸಿಲ್ ಹೊರಗೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ವಾರಕ್ಕೊಮ್ಮೆ ಒಂದೇ ದಾರಿಯಲ್ಲಿ ನಡೆದು ಚಿಟ್ಟೆ ಎಣಿಸಬೇಕು. ಈ ದೇಶದಲ್ಲಿ 1976ರಿಂದ ಇದೇ ವಿಧಾನದ ಲೆಕ್ಕ ಇದೆ. ಬಹುತೇಕ ಬರೆದಿದ್ದು ಸ್ವಯಂಸೇವಕರು, ಸಂಬಳವಿಲ್ಲದೆ. ನನಗೆ ಇಲ್ಲಿ ಹೊಟ್ಟೆಕಿಚ್ಚು ಹುಟ್ಟಿಸಿದ್ದು ಇದೊಂದೇ.

ಎಲ್ಲ ಕಡೆ ಮರ ಇರಲೇಬೇಕು ಅಂತಿಲ್ಲ, ಮಧುಗಿರಿ ತಾಲ್ಲೂಕಿನ ನಮ್ಮ ಮೈದನಹಳ್ಳಿಯನ್ನೇ ನೋಡಿ. 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶ ಅಂತ ಘೋಷಣೆಯಾದ ಸುಮಾರು 800 ಎಕರೆ ಹುಲ್ಲುಗಾವಲು. ಹೊರಗಿನಿಂದ ಬಂದವರು ನೋಡಿ, ಸುಮ್ನೆ ಖಾಲಿ ಬಿದ್ದಿದೆ, ಗಿಡ ನೆಡಬಾರದಾ ಅನ್ನುತ್ತಾರೆ. ಅಲ್ಲಿ ಗಿಡ ತುಂಬಿಸಿದರೆ ಕೃಷ್ಣಮೃಗ ಎಲ್ಲಿಗೆ ಹೋಗಬೇಕು? ಅದಕ್ಕೆ ದೂರದವರೆಗೆ ಕಣ್ಣು ಹಾಯಬೇಕು, ಓಡೋಕೆ ಬಯಲು ಬೇಕು. ಇಲ್ಲಿ ಸುಣ್ಣಕಲ್ಲಿನ ಹುಲ್ಲುಗುಡ್ಡಗಳಲ್ಲಿ ಪೊದೆ ಕಡಿಯುವಾಗೆಲ್ಲ ನಾನು ಮೈದನಹಳ್ಳಿ ಬಗ್ಗೆ ಭಾಷಣ ಬಿಗಿಯುತ್ತೇನೆ. ಜೊತೆಯವರು ಪಾಪ, ಕೇಳಿಸಿಕೊಳ್ಳುತ್ತಾರೆ.

ವೀಸಾ ವಿಷಯ ಮುಚ್ಚಿಡುವುದಿಲ್ಲ. ಟ್ರೈನಿಶಿಪ್ ನಂಬಿಕೊಂಡು ಊರಿಂದ ನೇರ ಇಲ್ಲಿಗೆ ಬರುವುದು ಕಷ್ಟ. ಕೆಲಸ ಕೊಡುವವರು ಕರೆಸಿಕೊಳ್ಳುವ ಸ್ಕಿಲ್ಡ್ ವರ್ಕರ್ ವೀಸಾಕ್ಕೆ 2025ರ ಜುಲೈನಿಂದ ಸಾಮಾನ್ಯವಾಗಿ ವರ್ಷಕ್ಕೆ 41,700 ಪೌಂಡ್ ಸಂಬಳ ಬೇಕು. ಟ್ರೈನಿಗೆ ಅದರ ಹತ್ತಿರವೂ ಸಿಗುವುದಿಲ್ಲ. ನಾನು ಇಲ್ಲೇ ಓದಿ, ಆಮೇಲೆ ಗ್ರಾಜುಯೇಟ್ ವೀಸಾದಲ್ಲಿ ಸೇರಿದೆ. ಅದು ಎರಡು ವರ್ಷದ್ದು. 2027ರ ಜನವರಿಯಿಂದ ಅರ್ಜಿ ಹಾಕುವವರಿಗೆ 18 ತಿಂಗಳು ಮಾತ್ರ, ಪಿಎಚ್.ಡಿ. ಆದವರಿಗೆ ಬೇರೆ ಲೆಕ್ಕ. ಇದಕ್ಕೆ ಅಂತ ಹೊಲ ಅಡ ಇಟ್ಟು ಬರಬೇಡಿ.

ಅಲ್ಲೇ ಶುರು ಮಾಡೋಕೆ ಏನೂ ಅಡ್ಡಿ ಇಲ್ಲ. ಪ್ರತಿ ಜನವರಿಯಲ್ಲಿ ಏಷ್ಯಾದ ನೀರುಹಕ್ಕಿ ಗಣತಿ ನಡೆಯುತ್ತದೆ. ನಿಮ್ಮೂರ ಕೆರೆಯನ್ನೂ ಎಣಿಸಬಹುದು. ಬಾತು ಯಾವುದು, ನೀರುಕಾಗೆ ಯಾವುದು ಅಂತ ಗೊತ್ತಾಗದಿದ್ದರೆ ಮೊದಲ ವರ್ಷ ಗೊತ್ತಿರುವವರ ಪಕ್ಕ ನಿಂತು ಅವರು ಹೇಳಿದ್ದನ್ನು ಬರೆದುಕೊಳ್ಳಿ. ತಾರೀಕು, ಸಮಯ, ಕೆರೆಯ ಹೆಸರು ಮಾತ್ರ ಬಿಡಬೇಡಿ.