ಐದು ತಟ್ಟೆ ಚಕ್ಕುಲಿ, ಎರಡು ಬಾಟಲಿ ವೈನ್

ಗೋಕುಲಾಷ್ಟಮಿಗೆ ಇನ್ನು ಎಂಟು ದಿನ ಇತ್ತು. ಅಮ್ಮನ ಬಲಭುಜ ಹಿಡಿದುಕೊಂಡು ತಿಂಗಳಾಗಿತ್ತು, ಚಕ್ಕುಲಿ ಒರಳು ಒತ್ತುವ ಹಾಗಿರಲಿಲ್ಲ. "ದೇವರಿಗೆ ಅವಲಕ್ಕಿ, ಬೆಣ್ಣೆ ಇಟ್ಟರೆ ಸಾಕು. ಬಂದವರಿಗೆ ಕೊಡೋಕೆ ಅಂಗಡಿಯದ್ದೇ ತಂದುಬಿಡು. ಆದ್ರೆ ತಿಂದು ನೋಡಿ ತಾ ಕಣೇ" ಅಂದಳು.

ನಾನು ಆ ಮಾತನ್ನು ಮನಸ್ಸಿಗೇ ತೆಗೆದುಕೊಂಡೆ. ಗಾಂಧಿ ಬಜಾರ್ ಸುತ್ತಿನ ಮೂರು ಕಾಂಡಿಮೆಂಟ್ಸ್ ಅಂಗಡಿಗಳಿಂದ ಕಾಲು ಕಾಲು ಕೆಜಿ ಚಕ್ಕುಲಿ, ಸೂಪರ್ ಮಾರ್ಕೆಟ್‌ನಿಂದ ಗಾಳಿ ತುಂಬಿ ಉಬ್ಬಿದ್ದ ಒಂದು ಪ್ಯಾಕೆಟ್, ಹಿಂದಿನ ರಸ್ತೆಯಲ್ಲಿ ಆರ್ಡರ್ ಮೇಲೆ ಕರಿದುಕೊಡುವ ಹೆಂಗಸಿನ ಹತ್ತಿರ ಇನ್ನೊಂದು ಪೊಟ್ಟಣ. ಶನಿವಾರ ಮಧ್ಯಾಹ್ನ ಐದು ಸ್ಟೀಲ್ ತಟ್ಟೆಗೆ ಹಾಕಿ, ಎಲ್ಲಿಯದು ಎಂದು ಬರೆದ ಚೀಟಿಯನ್ನು ತಟ್ಟೆಯ ಅಡಿಗೆ ಸೇರಿಸಿದೆ. ಅಕ್ಕ, ಭಾವ ಬಂದಿದ್ದರು. ಹೆಸರು ಗೊತ್ತಿದ್ದರೆ ನಾಲಿಗೆ ಆ ಹೆಸರಿನ ಕಡೆಗೇ ವಾಲುತ್ತದೆ. ಅದು ಬೇಡವಾಗಿತ್ತು.

ಅಮ್ಮ ಯಾವುದನ್ನೂ ಮೊದಲು ಬಾಯಿಗೆ ಹಾಕಲಿಲ್ಲ. ಒಂದೊಂದನ್ನೂ ಬಿಳಿ ಹಾಳೆಯ ಮೇಲೆ ಇಟ್ಟು ಐದು ನಿಮಿಷ ಬಿಟ್ಟಳು. ಮೂರನೇ ತಟ್ಟೆಯ ಚಕ್ಕುಲಿ ಎತ್ತಿದಾಗ ಅದರ ಸುರುಳಿಯ ಅಚ್ಚು ಎಣ್ಣೆಯಲ್ಲಿ ಹಾಳೆಯ ಮೇಲೆ ಹಾಗೇ ಮೂಡಿತ್ತು. "ಎಣ್ಣೆ ಕಾಯೋ ಮುಂಚೆ ಬಿಟ್ಟಿದಾರೆ, ಇಲ್ಲಾ ಸೋಡಾ ಜಾಸ್ತಿ ಹಾಕಿದಾರೆ." ಆಮೇಲೆ ಮುರಿದು ನೋಡಿದಳು. ಒಳ್ಳೆಯ ಚಕ್ಕುಲಿಯ ಎಳೆಯೊಳಗೆ ಸಣ್ಣ ಸಣ್ಣ ತೂತು ಇರಬೇಕು, ಬಣ್ಣ ಹೊರಗೂ ಒಳಗೂ ಒಂದೇ ಇರಬೇಕು. ಒಂದನೆಯದರ ನಡುವೆ ಬೆಳ್ಳಗಿತ್ತು. ತಿಂದರೆ ಹಸಿ ಹಿಟ್ಟಿನ ರುಚಿ ಹಲ್ಲಿಗೆ ಅಂಟಿತು. ಮೂರನೆಯದು ಬಾಯಿಗಿಡುವಾಗಲೇ ಕಮಟು. ಹಳೇ ಎಣ್ಣೆಯ ಆ ವಾಸನೆ ಗಂಟಲಿನಲ್ಲಿ ಸಂಜೆಯವರೆಗೂ ಉಳಿಯುತ್ತದೆ, ನೀರು ಕುಡಿದರೂ ಹೋಗುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಗರಿಗರಿ. ಭಾವ ಎರಡು ತಿಂದರು. ಅಮ್ಮ ಮಾತ್ರ ನಿಧಾನವಾಗಿ ಅಗಿದು, "ಸದ್ದು ಚೆನ್ನಾಗಿದೆ. ಓಮ ಎಲ್ಲಿ? ಬೆಣ್ಣೆ ಎಲ್ಲಿ?" ಅಂದಳು. ಚೀಟಿ ತೆಗೆದರೆ ಸೂಪರ್ ಮಾರ್ಕೆಟ್ ಪ್ಯಾಕೆಟ್. ಮುಂಭಾಗದಲ್ಲಿ ದಪ್ಪ ಅಕ್ಷರದಲ್ಲಿ 'ಬೆಣ್ಣೆ ಚಕ್ಕುಲಿ' ಎಂದಿತ್ತು. ಪ್ಯಾಕೆಟ್ ಹಿಂದೆ ಪದಾರ್ಥಗಳನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯದಕ್ಕೆ ಬರೆಯಬೇಕೆಂಬುದು ನಿಯಮ. ಅಕ್ಕಿ ಹಿಟ್ಟಾದ ಮೇಲೆ ಪಾಮೋಲಿನ್. ಬೆಣ್ಣೆಯ ಹೆಸರು ಉಪ್ಪು, ಎಳ್ಳಿನ ಅಕ್ಕಪಕ್ಕ ಕೊನೆಯಲ್ಲಿತ್ತು. ಹೀಗೆ ಹೆಸರಿಡುವುದು ಸರಿಯಲ್ಲ ಎಂದೇ ನನಗೆ ಅನಿಸುತ್ತದೆ. ಬೆಣ್ಣೆ ಇಲ್ಲದೆಯೂ ಒಳ್ಳೆಯ ಚಕ್ಕುಲಿ ಮಾಡಬಹುದು, ಹಾಗಂತಲೇ ಮಾರಲಿ.

ಐದನೆಯದಕ್ಕೆ ಎಲ್ಲರೂ ಸುಮ್ಮನಾದರು. ಹುರಿದ ಉದ್ದಿನ ಹಿಟ್ಟಿನ ಘಮ, ಕೊನೆಗೆ ಓಮದ ಸಣ್ಣ ಖಾರ. ಆಕಾರ ಮಾತ್ರ ಒಂದೊಂದೂ ಒಂದೊಂದು ಥರ. ಅಮ್ಮ ಚೀಟಿ ಕೇಳಲೂ ಇಲ್ಲ. "ಇದು ಯಾರೋ ಮನೆಯಲ್ಲಿ ಒತ್ತಿದ್ದು. ಎರಡು ಕೆಜಿ ಹೇಳಿಬಿಡು."

ಚಕ್ಕುಲಿಯ ಜೊತೆ ತಂದಿದ್ದ ಕೋಡುಬಳೆಯಲ್ಲಿ ಅಂಗಡಿಯವರೇ ಗೆದ್ದರು. ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ, ಇಂಗು ಸೇರಿದ ಆ ಕೆಂಪು ಬಳೆ ಟಕ್ ಎಂದು ಮುರಿಯಿತು. ಕೊಬ್ಬರಿ ಬಿದ್ದ ತಿಂಡಿ ಬೇಗ ಕೆಡುತ್ತದೆ, ಹಾಗಾಗಿ ದಿನಾ ಖಾಲಿಯಾಗುವ ಅಂಗಡಿಯದ್ದೇ ಕೊಳ್ಳಬೇಕು. ನಿಪ್ಪಟ್ಟಿನ ಬಗ್ಗೆ ಹೇಳುವಂಥದ್ದೇನಿಲ್ಲ, ತಂದ ಎರಡೂ ಬರೀ ಮೈದಾ.

ಸಂಜೆ ಭಾವ ಬ್ಯಾಗಿನಿಂದ ಎರಡು ಬಾಟಲಿ ತೆಗೆದರು. ಒಂದು ಅಗ್ಗದ ಸಿಹಿ ಕೆಂಪು ವೈನ್, ಇನ್ನೊಂದು ನಂದಿ ಬೆಟ್ಟದ ತಪ್ಪಲಿನ ಶಿರಾಜ್, ಅದೇ ಹೆಸರಿನ ದ್ರಾಕ್ಷಿಯ ಕೆಂಪು ವೈನ್. ಸಿಹಿಯದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಶರಬತ್ತಿನ ಹಾಗೆ ಬರೀ ಸಕ್ಕರೆ, ಎರಡನೇ ಗುಟುಕಿಗೇ ಸಾಕಾಯಿತು. ಅಮ್ಮ ಕುಡಿಯುವವಳಲ್ಲ. ಲೋಟ ಎತ್ತಿಡಲು ಬಂದವಳು ಒಂದು ಸಲ ಮೂಸಿದಳು, ಅಲ್ಲೇ ನಿಂತಳು.

"ಅಳಿಯಂದ್ರೇ, ಇದು ನಮ್ಮೂರ ದ್ರಾಕ್ಷಿ ಅಲ್ವಾ?"

ಅವಳ ತವರು ದೇವನಹಳ್ಳಿ ಕಡೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾಗುವುದಕ್ಕೆ ಎಷ್ಟೋ ವರ್ಷ ಮುಂಚೆ ಅಲ್ಲಿ ಅವರ ಚಪ್ಪರದಲ್ಲಿ ಬೆಂಗಳೂರು ನೀಲಿ ಬೆಳೆಯುತ್ತಿತ್ತು. ಒತ್ತಿದರೆ ತಿರುಳು ಜಾರಿ ಬಾಯಿಗೆ ಬೀಳುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಆ ಹಣ್ಣಿನ ಗಾಢ ವಾಸನೆ ಬೇರೆ ದ್ರಾಕ್ಷಿಗಿಲ್ಲ. ಭಾವ ಬಾಟಲಿ ತಿರುಗಿಸಿ ಓದಿದರು. ಹೌದು, ಅದೇ ತಳಿ. ನಾನು ಮತ್ತೆ ಮೂಸಿದೆ. ಸಕ್ಕರೆಯ ಕೆಳಗೆ ಹಣ್ಣು ನಿಜವಾಗಿಯೂ ಇತ್ತು. ರುಚಿಯ ಬಗ್ಗೆ ನನ್ನ ಮಾತು ಬದಲಾಗಲಿಲ್ಲ, ಆದರೆ ಅಷ್ಟು ಸಕ್ಕರೆ ಸುರಿಯದೇ ಹೋಗಿದ್ದರೆ ಆ ಹಣ್ಣಿಗೆ ಮರ್ಯಾದೆ ಸಿಗುತ್ತಿತ್ತು ಎಂದು ಬೇಸರವಾಯಿತು.

ಶಿರಾಜ್ ಮೊದಲು ಬರೀ ಒಗರು, ಘಾಟು. ಕೆಂಪು ವೈನನ್ನು ತಣ್ಣಗೆ ಮಾಡಬಾರದು ಎಂಬ ಮಾತು ಚಳಿದೇಶದ ಮನೆಗಳಿಗೆ ಸರಿ. ನಮ್ಮ ಅಡುಗೆಮನೆಯ ಸೆಖೆಗಲ್ಲ. ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಟ್ಟು ಕುಡಿದರೆ ಕರಿಮೆಣಸಿನ ಪರಿಮಳ ತಾನಾಗಿ ಮೇಲೆ ಬಂತು. ಕೋಡುಬಳೆಯ ಖಾರದ ಜೊತೆ ಬೇಡ, ನಾಲಿಗೆ ಉರಿಯುತ್ತದೆ. ಐದನೇ ತಟ್ಟೆಯ ಚಕ್ಕುಲಿಗೆ ಚೆನ್ನಾಗಿ ಹೊಂದಿತು.

ಭಾನುವಾರ ಬೆಳಿಗ್ಗೆ ಮೂರನೇ ತಟ್ಟೆಯ ಅಂಗಡಿಗೆ ಹೋದೆ. ಬೇರೆ ಗಿರಾಕಿಗಳು ಹೋಗುವವರೆಗೂ ಕಾದು, "ಅಣ್ಣಾ, ಚಕ್ಕುಲಿ ಕಮಟು ಬಂದಿದೆ" ಅಂದೆ. ಅವರು ಮುಖ ಗಂಟಿಕ್ಕಿಕೊಂಡೇ ಡಬ್ಬಿಯ ಮುಚ್ಚಳ ತೆಗೆದು ಮೂಸಿದರು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡರು. ಏನೂ ಮಾತಾಡದೆ ಆ ಡಬ್ಬಿಯನ್ನು ಕೌಂಟರಿನಿಂದ ಎತ್ತಿ ಒಳಗೆ ಇಟ್ಟು ಬಂದರು.