“ಚೆಸ್ ಪ್ರೋಗ್ರಾಂ ಯಾಕ ಇಷ್ಟ ಸಾವಕಾಶ?”

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕೊನೇ ವರ್ಷದ ಪ್ರಾಜೆಕ್ಟಿಗೆ ಚೆಸ್ ಆರಿಸಿಕೊಂಡವರು ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: “ಪ್ರೋಗ್ರಾಂ ಆಡತೈತ್ರಿ, ಆದ್ರ ನಾಕ ನಡೆ ಮುಂದ ನೋಡೂದ್ರಾಗ ದಣದ ಬಿಡತೈತಿ. ಪೈಥಾನ್ ಬಿಟ್ಟು ಸಿ ಪ್ಲಸ್ ಪ್ಲಸ್ ಹಿಡೀಬೇಕೇನ್ರಿ?”

ಹಿಡಿಯಿರಿ, ಲಾಭ ಆಗುತ್ತದೆ. ಆದರೆ ಹಳೇ ಕೋಡನ್ನೇ ಸಾಲುಸಾಲಾಗಿ ಹೊಸ ಭಾಷೆಗೆ ಇಳಿಸಿದರೆ ಆ ಲಾಭ ಒಂದೇ ಸಲಕ್ಕೆ ಮುಗಿಯುತ್ತದೆ. ನಿಧಾನಕ್ಕೆ ಮೂಲ ಕಾರಣ, ಸಾಧ್ಯವಿರುವ ನಡೆಗಳನ್ನು ಹುಡುಕಲು ಹಲಗೆಯ 64 ಮನೆಗಳಿಗೂ ಹೋಗಿ “ಇಲ್ಲಿ ಯಾರಿದ್ದೀರಿ, ಪಕ್ಕದಲ್ಲಿ ಯಾರು, ಅವರಾಚೆ ಯಾರು” ಎಂದು ವಿಚಾರಿಸುವ ಲೂಪ್. ಅದರ ಜೊತೆಗೆ ಪ್ರತಿ ಸ್ಥಿತಿಗೂ ಹೊಸ ವೆಕ್ಟರ್ (ಬೇಕಾದಷ್ಟು ಬೆಳೆಯುವ ಪಟ್ಟಿ) ಸೃಷ್ಟಿಸಿ ನಡೆಗಳನ್ನು ತುಂಬುವ ಅಭ್ಯಾಸ ಬೇರೆ. ಇದನ್ನು ಇವತ್ತೇ ಬಿಡಬಹುದು. ಯಾವುದೇ ಸ್ಥಿತಿಯಲ್ಲಿ ಸಾಧ್ಯವಿರುವ ನಡೆಗಳ ಗೊತ್ತಿರುವ ಗರಿಷ್ಠ ಸಂಖ್ಯೆ 218. ಹಾಗಾಗಿ 256 ಜಾಗದ ಸ್ಥಿರ ಅರೇ ಸಾಕು. ಒಂದು ನಡೆ 16 ಬಿಟ್‌ನಲ್ಲಿ ಕೂರುತ್ತದೆ: ಹೊರಟ ಮನೆಗೆ 6, ಸೇರುವ ಮನೆಗೆ 6, ಪ್ಯಾದೆಯ ಬಡ್ತಿ, ಕ್ಯಾಸ್ಲಿಂಗ್ (ರಾಜ, ಆನೆ ಒಟ್ಟಿಗೆ ಸರಿಯುವ ನಡೆ), ಎರಡು ಮನೆ ಹಾರಿದ ಪ್ಯಾದೆಯನ್ನು ಒಂದೇ ಮನೆ ಸರಿದಂತೆ ಹೊಡೆಯುವ ಆನ್‌ಪಾಸಾಂ ಗುರುತಿಗೆ 4.

ಮುಖ್ಯ ಬದಲಾವಣೆ ಬಿಟ್‌ಬೋರ್ಡ್. ಹಲಗೆಗೆ 64 ಮನೆ, ಪ್ರೊಸೆಸರಿನ ಒಂದು ಪೂರ್ಣಾಂಕಕ್ಕೆ 64 ಬಿಟ್. ಮನೆಗೊಂದು ಬಿಟ್: ಕಾಯಿ ಇದ್ದರೆ 1, ಇಲ್ಲದಿದ್ದರೆ 0. ಆರು ಬಗೆಯ ಕಾಯಿಗಳಿಗೆ ಆರು, ಎರಡು ಬಣ್ಣಕ್ಕೆ ಎರಡು, ಒಟ್ಟು ಎಂಟು ಸಂಖ್ಯೆಗಳಲ್ಲಿ ಎಲ್ಲ ಕಾಯಿಗಳ ಜಾಗವೂ ಬಂತು. 1974ರಲ್ಲಿ ಮೊದಲ ವಿಶ್ವ ಕಂಪ್ಯೂಟರ್ ಚೆಸ್ ಚಾಂಪಿಯನ್‌ಶಿಪ್ ಗೆದ್ದ ಸೋವಿಯತ್ ಪ್ರೋಗ್ರಾಂ ಕೈಸ್ಸಾ ಕೂಡ ಬಿಟ್‌ಬೋರ್ಡ್ ಬಳಸಿತ್ತು.

ಪ್ಯಾದೆಗಳಲ್ಲಿ ಇದರ ಸುಖ ಕೂಡಲೇ ಗೊತ್ತಾಗುತ್ತದೆ. ಎ1 ಅನ್ನು 0 ಎಂದು ಎಣಿಸಿದರೆ, ಬಿಳಿಯ ಪ್ಯಾದೆಗಳೆಲ್ಲ 8 ಬಿಟ್ ಎಡಕ್ಕೆ ಸರಿದು, ಖಾಲಿ ಮನೆಗಳ ಜೊತೆ ‘ಆಂಡ್’ ಆದರೆ (ಎರಡರಲ್ಲೂ 1 ಇರುವ ಬಿಟ್ ಮಾತ್ರ ಉಳಿದರೆ) ಎಂಟರ ನಡೆಯೂ ಒಮ್ಮೆಲೇ ಸಿಗುತ್ತದೆ. ಹೊಡೆತಕ್ಕೆ 7 ಮತ್ತು 9 ಬಿಟ್. ಎಲ್ಲರೂ ಎಡವುವುದು ಇಲ್ಲೇ: ಎ4ರ ಪ್ಯಾದೆ 24ನೇ ಬಿಟ್, 7 ಸರಿದರೆ 31, ಅಂದರೆ ಎಚ್4! ಹಲಗೆಯ ಈ ಅಂಚಿನಿಂದ ಬಿದ್ದು ಆ ಅಂಚಿನಲ್ಲಿ ಎದ್ದ ಹಾಗೆ. 7ಕ್ಕೆ ಮೊದಲು ಎ ಸಾಲನ್ನೂ 9ಕ್ಕೆ ಮೊದಲು ಎಚ್ ಸಾಲನ್ನೂ ಅಳಿಸಲೇಬೇಕು. ಇನ್ನೊಂದು, ಬರೀ 1 ಎಂದು ಬರೆದು ಸರಿಸಿದರೆ ಕಂಪೈಲರ್ ಅದನ್ನು 32 ಬಿಟ್ ಎಂದು ತಿಳಿಯುತ್ತದೆ. ಹಲಗೆಯ ಮೇಲರ್ಧದಲ್ಲಿ ಮಾತ್ರ ವಿಚಿತ್ರ ತಪ್ಪುಗಳು ಕಂಡರೆ ಮೊದಲು ಇದನ್ನೇ ನೋಡಿ.

ಕುದುರೆ ಮತ್ತು ರಾಜನಿಗೆ, ಯಾವ ಮನೆಯಿಂದ ಎಲ್ಲೆಲ್ಲಿಗೆ ಹೋಗಬಹುದೆಂದು ಮೊದಲೇ ಬರೆದಿಟ್ಟ 64 ಸಂಖ್ಯೆಗಳ ಒಂದೊಂದು ಕೋಷ್ಟಕ ಸಾಕು. ಕಷ್ಟ ಇರುವುದು ಆನೆ, ಒಂಟೆ, ವಜೀರನಲ್ಲಿ, ಏಕೆಂದರೆ ಅವುಗಳ ದಾರಿ ಅಡ್ಡ ನಿಂತವರ ಮೇಲೆ ಅವಲಂಬಿಸಿದೆ. ವಿಜಯಪುರದ ಗಾಂಧಿ ಚೌಕದಲ್ಲಿ ನಿಂತು ಒಂದು ರಸ್ತೆಯತ್ತ ನೋಡಿದರೆ ಕಣ್ಣು ಮೊದಲು ಅಡ್ಡ ಬಂದ ಬಸ್ಸಿನ ತನಕ ಹೋಗುತ್ತದೆ. ಅದರ ಹಿಂದೆ ಎಷ್ಟು ಟಂಟಂ ನಿಂತರೂ ಲೆಕ್ಕಕ್ಕಿಲ್ಲ. ರಸ್ತೆಯ ಕಟ್ಟಕಡೆಯ ಮನೆಯ ಮುಂದೆ ಗಾಡಿ ಇದ್ದರೂ ಇಲ್ಲದಿದ್ದರೂ ನೋಟ ಅಲ್ಲಿಗೇ ಮುಗಿಯುತ್ತದೆ, ಹಾಗಾಗಿ ಅದನ್ನೂ ಕೇಳಬೇಕಿಲ್ಲ. ಡಿ4ರ ಆನೆಗೆ ಹೀಗೆ ಕೇಳಬೇಕಾದ ಮನೆಗಳು ಹತ್ತೇ: ಡಿ2, ಡಿ3, ಡಿ5, ಡಿ6, ಡಿ7, ಬಿ4, ಸಿ4, ಇ4, ಎಫ್4, ಜಿ4. ಹತ್ತು ಮನೆ ಎಂದರೆ 1024 ಸಾಧ್ಯತೆ. ಅಷ್ಟಕ್ಕೂ ಉತ್ತರವನ್ನು ಪ್ರೋಗ್ರಾಂ ಶುರುವಾಗುವಾಗಲೇ ಬರೆದಿಟ್ಟುಕೊಂಡರೆ ಆಟದ ನಡುವೆ ಲೂಪ್ ಬೇಕಿಲ್ಲ.

ಹಲಗೆಯಲ್ಲಿ ಚದುರಿದ ಆ ಹತ್ತು ಬಿಟ್‌ಗಳನ್ನು ಒಂದೆಡೆ ಸೇರಿಸಲು ‘ಮ್ಯಾಜಿಕ್’ ಸಂಖ್ಯೆ ಬೇಕು. ಕಾಯಿಗಳಿರುವ ಮನೆಗಳನ್ನು ಆ ಹತ್ತರ ಮಾಸ್ಕ್ (ಆ ಹತ್ತು ಬಿಟ್ ಮಾತ್ರ 1 ಇರುವ ಸಂಖ್ಯೆ) ಜೊತೆ ‘ಆಂಡ್’ ಮಾಡಿ, ಮ್ಯಾಜಿಕ್‌ನಿಂದ ಗುಣಿಸಿ, 54 (64ರಲ್ಲಿ 10 ಕಳೆದು) ಬಿಟ್ ಬಲಕ್ಕೆ ಸರಿಸಿದರೆ ಕೋಷ್ಟಕದ ಸಂಖ್ಯೆ ಬಂತು. ಮ್ಯಾಜಿಕ್ ಹುಡುಕಲು ಗಣಿತ ಬೇಡ. ಮೂರು ಯಾದೃಚ್ಛಿಕ ಸಂಖ್ಯೆಗಳನ್ನು ‘ಆಂಡ್’ ಮಾಡಿ ಪ್ರಯತ್ನಿಸುತ್ತ ಹೋಗಿ. ಬೇರೆ ಬೇರೆ ಉತ್ತರದ ಎರಡು ಸಾಧ್ಯತೆಗಳು ಒಂದೇ ಜಾಗಕ್ಕೆ ಬಿದ್ದರೆ ಅದನ್ನು ಬಿಟ್ಟು ಇನ್ನೊಂದು. ಒಂದೇ ಉತ್ತರದವು ಒಟ್ಟಿಗೆ ಬಿದ್ದರೆ ಅಡ್ಡಿಯಿಲ್ಲ. ಎಲ್ಲ ಮನೆ ಸೇರಿ ಆನೆಗೆ 1,02,400 ನಮೂದು, ಸುಮಾರು 800 ಕೆಬಿ. ಒಂಟೆಗೆ 5,248, ಸುಮಾರು 41 ಕೆಬಿ. ವಜೀರ ಇವೆರಡರ ಮೊತ್ತ. ಇಂಟೆಲ್ ಪ್ರೊಸೆಸರುಗಳಲ್ಲಿ 2013ರ ಹ್ಯಾಸ್‌ವೆಲ್‌ನಿಂದೀಚೆಗೆ ಬಂದ, ಮಾಸ್ಕ್ ತೋರಿಸಿದ ಬಿಟ್ಟುಗಳನ್ನು ನೇರವಾಗಿ ಒಂದೆಡೆ ಸೇರಿಸುವ ಪೆಕ್ಸ್ಟ್ ಎಂಬ ಆದೇಶ ಗುಣಾಕಾರವನ್ನೂ ಉಳಿಸುತ್ತದೆ. ಆದರೆ ಎಎಂಡಿಯಲ್ಲಿ ಝೆನ್ 3ಕ್ಕಿಂತ ಹಳೆಯ ಚಿಪ್ ಇದ್ದರೆ ಅದು ಮ್ಯಾಜಿಕ್‌ಗಿಂತ ನಿಧಾನ, ಮುಟ್ಟಬೇಡಿ.

ಇನ್ನು ನಿಯಮಬದ್ಧತೆ. ಪ್ರತಿ ನಡೆಯನ್ನೂ ಆಡಿ, ರಾಜನಿಗೆ ಚೆಕ್ ಇದೆಯೇ ನೋಡಿ, ಹಿಂತೆಗೆಯುವುದು ಸುಲಭ, ಆದರೆ ದುಬಾರಿ. ಮೊದಲೇ ಚೆಕ್ ಕೊಡುವವರನ್ನೂ ಕಟ್ಟಿಬಿದ್ದ (ಸರಿದರೆ ತಮ್ಮ ರಾಜನಿಗೇ ಚೆಕ್ ಬೀಳುವ) ಕಾಯಿಗಳನ್ನೂ ಗುರುತಿಸಿಕೊಳ್ಳಿ. ಇಬ್ಬರು ಚೆಕ್ ಕೊಟ್ಟರೆ ರಾಜ ಮಾತ್ರ ಓಡಬಹುದು. ಒಬ್ಬನಾದರೆ ರಾಜ ಸರಿಯಬೇಕು, ಇಲ್ಲವೇ ಚೆಕ್ ಕೊಟ್ಟವನನ್ನು ಹೊಡೆಯಬೇಕು ಅಥವಾ ನಡುವೆ ಅಡ್ಡ ನಿಲ್ಲಬೇಕು. ರಾಜ ಓಡುವ ಮನೆ ಸುರಕ್ಷಿತವೇ ಎಂದು ನೋಡುವಾಗ ರಾಜನನ್ನೇ ಹಲಗೆಯಿಂದ ತೆಗೆದು ನೋಡಿ. ಇಲ್ಲದಿದ್ದರೆ ಇ8ರ ಆನೆಯಿಂದ ಚೆಕ್ ತಿಂದ ಇ4ರ ರಾಜ, ತನ್ನ ನೆರಳನ್ನೇ ಮರೆ ಎಂದುಕೊಂಡು ಇ3ಕ್ಕೆ ಹೋಗುತ್ತಾನೆ.

ಈ ಎಲ್ಲ ಜಾಗ್ರತೆಯನ್ನೂ ದಾಟಿ ಬರುವ ತಪ್ಪು ಆನ್‌ಪಾಸಾಂ. ಬಿಳಿ ರಾಜ ಎ5, ಬಿಳಿ ಪ್ಯಾದೆ ಬಿ5, ಕಪ್ಪು ಆನೆ ಎಚ್5. ಕಪ್ಪು ಪ್ಯಾದೆ ಸಿ7ರಿಂದ ಸಿ5ಕ್ಕೆ ಹಾರಿತು. ಈಗ ನಡುವೆ ಎರಡು ಪ್ಯಾದೆಗಳಿರುವುದರಿಂದ ಬಿ5 ಕಟ್ಟಿಬಿದ್ದಿಲ್ಲ ಎಂದು ನಿಮ್ಮ ಕೋಡ್ ಹೇಳುತ್ತದೆ. ಆದರೆ ಸಿ6ಕ್ಕೆ ಹೊಡೆದೊಡನೆ ಬಿ5, ಸಿ5 ಎರಡೂ ಒಟ್ಟಿಗೆ ಖಾಲಿಯಾಗಿ ರಾಜ ಆನೆಯ ಬಾಯಿಗೆ ಬೀಳುತ್ತಾನೆ. ಆನ್‌ಪಾಸಾಂ ಅಪರೂಪದ ನಡೆ. ಇದೊಂದನ್ನು ಮಾತ್ರ ಆಡಿ ನೋಡಿ ಪರೀಕ್ಷಿಸುವುದೇ ಒಳ್ಳೆಯದು.

ಸರಿ ಇದೆಯೋ ಇಲ್ಲವೋ ತಿಳಿಯಲು ಪರ್ಫ್ಟ್ ಬೇಕು: ಇಂತಿಷ್ಟು ಆಳದವರೆಗೆ ಎಲ್ಲ ನಡೆಗಳನ್ನೂ ಆಡಿ ಕೊನೆಯ ಸ್ಥಿತಿಗಳನ್ನು ಎಣಿಸುವುದು. ಆರಂಭದ ಸ್ಥಿತಿಗೆ 20, 400, 8,902, 1,97,281, 48,65,609. ಬಹಳ ಜನ ಇಲ್ಲಿಗೇ ಸಮಾಧಾನ ಪಡುತ್ತಾರೆ. ಆದರೆ ಈ ಐದು ಆಳದೊಳಗೆ ಒಂದೇ ಒಂದು ಕ್ಯಾಸ್ಲಿಂಗ್ ಕೂಡ ಬರುವುದಿಲ್ಲ. ‘ಕಿವಿಪೀಟ್’ ಎಂಬ ಪ್ರಸಿದ್ಧ ಪರೀಕ್ಷಾ ಸ್ಥಿತಿಯನ್ನೂ ಓಡಿಸಿ: 48, 2,039, 97,862, 40,85,603. ಮೂಲೆಯ ಆನೆ ಹೊಡೆಸಿಕೊಂಡಾಗ ಆ ಬದಿಯ ಕ್ಯಾಸ್ಲಿಂಗ್ ಹಕ್ಕು ತೆಗೆಯಲು ಮರೆತಿದ್ದರೆ ಇಲ್ಲಿ ಸಿಕ್ಕಿಬೀಳುತ್ತದೆ. ಲೆಕ್ಕ ತಪ್ಪಿದರೆ ಊಹಿಸುತ್ತ ಕೂರಬೇಡಿ. ಪ್ರಸಿದ್ಧ ಚೆಸ್ ಪ್ರೋಗ್ರಾಂ ಸ್ಟಾಕ್‌ಫಿಶ್‌ನಲ್ಲಿ ಅದೇ ಸ್ಥಿತಿಯ ಪರ್ಫ್ಟ್ ಓಡಿಸಿದರೆ ಮೊದಲ ನಡೆಗಳ ಲೆಕ್ಕ ಬೇರೆಬೇರೆಯಾಗಿ ಬರುತ್ತದೆ. ಹೊಂದದ ನಡೆಯನ್ನು ಆಡಿ, ಆಳ ಒಂದು ಇಳಿಸಿ, ಮತ್ತೆ ಹೋಲಿಸಿ. ನಾಲ್ಕೈದು ಸಲದಲ್ಲಿ ತಪ್ಪಿದ ನಡೆ ಕಣ್ಣೆದುರು ಬರುತ್ತದೆ.

ಪರ್ಫ್ಟ್ ಪೂರ್ತಿ ಹೊಂದುವ ತನಕ ವೇಗ ಅಳೆಯಬೇಡಿ. ಅಳೆಯುವಾಗ ಆಪ್ಟಿಮೈಸೇಷನ್ ಹಾಕಿ, ನಿಮ್ಮದೇ ಪ್ರೊಸೆಸರಿಗೆಂದು ಕಂಪೈಲ್ ಮಾಡಿ, ಇಲ್ಲದಿದ್ದರೆ ಬಿಟ್ ಎಣಿಸುವ ಒಂದೇ ಆದೇಶದ ಕೆಲಸ ಫಂಕ್ಷನ್ ಆಗಿ ಓಡುತ್ತದೆ. ಆಮೇಲೆ ಫಲವಿಲ್ಲದ ಕೊಂಬೆಗಳನ್ನು ನೋಡದೆ ಕತ್ತರಿಸುವ ಆಲ್ಫಾ-ಬೀಟಾ ಹುಡುಕಾಟಕ್ಕೆ ಜೋಡಿಸುವಾಗ ಎಲ್ಲ ನಡೆಗಳನ್ನೂ ಒಟ್ಟಿಗೆ ಹುಟ್ಟಿಸಬೇಡಿ. ಮೊದಲು ಹಿಂದಿನ ಹುಡುಕಾಟ ನೆನಪಿಟ್ಟ ನಡೆ, ನಂತರ ಹೊಡೆತಗಳು, ಕೊನೆಗೆ ಉಳಿದ ಶಾಂತ ನಡೆಗಳು. ಎಷ್ಟೋ ಕಡೆ ಮೊದಲ ನಡೆಯಲ್ಲೇ ಕೊಂಬೆ ಕತ್ತರಿಸಿಹೋಗುತ್ತದೆ, ಶಾಂತ ನಡೆಗಳ ಸರದಿ ಬರುವುದೇ ಇಲ್ಲ.