ಎಂಟುನೂರು ಮೀಟರ್ ಓಡುವವಳಿಗೆ ಹರ್ಡಲ್ಸ್ ಯಾಕೆ ಕಷ್ಟ?

ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲಿ ನಾನು ಹರ್ಡಲ್ಸ್ ಅಭ್ಯಾಸ ಮಾಡುವುದನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳುತ್ತಾರೆ: “ನೀವು ಎಂಟುನೂರು ಮೀಟರ್ ಓಡುವವರು, ದಮ್ಮಿಗೇನೂ ಕೊರತೆಯಿಲ್ಲ. ನಾನೂರು ಮೀಟರಿನಲ್ಲಿ ಹತ್ತು ಸಲ ಹಾರುವುದು ಅಷ್ಟೊಂದು ಕಷ್ಟವೇ?” ಹಾಗೆ ಕೇಳುವವರ ಕಣ್ಣು ಸಾಮಾನ್ಯವಾಗಿ ಹರ್ಡಲ್‌ನ ಎತ್ತರದ ಮೇಲಿರುತ್ತದೆ. ಮಹಿಳೆಯರ 400 ಮೀಟರ್ ಹರ್ಡಲ್ಸ್‌ನಲ್ಲಿ ಆ ಎತ್ತರ 76.2 ಸೆಂಟಿಮೀಟರ್, ಹೆಚ್ಚುಕಡಿಮೆ ಊಟದ ಮೇಜಿನಷ್ಟು. ಅದಕ್ಕೆ ನಾನು ಎರಡು ವಾರದಲ್ಲಿ ಹೊಂದಿಕೊಂಡೆ. ಎರಡು ಹರ್ಡಲ್‌ಗಳ ನಡುವಿನ 35 ಮೀಟರ್ ಮಾತ್ರ ಇಂದಿಗೂ ನನ್ನನ್ನು ಕಾಡುತ್ತಿದೆ.

ಮಧ್ಯಮ ದೂರದ ಓಟದಲ್ಲಿ ನಾನು ಎಂದೂ ಹೆಜ್ಜೆ ಎಣಿಸಿದವಳಲ್ಲ. ಕೈಮರದಿಂದ ಮುಳ್ಳಯ್ಯನಗಿರಿಯ ಕಡೆಗೆ ಏರುವ ರಸ್ತೆಯಲ್ಲಿ ವರ್ಷಗಟ್ಟಲೆ ಓಡಿದ ನನಗೆ ಉಸಿರಿನ ಲೆಕ್ಕ ಗೊತ್ತಿತ್ತು, ಸುತ್ತಿನ ಸಮಯದ ಲೆಕ್ಕ ಗೊತ್ತಿತ್ತು. ದಣಿದಾಗ ಹೆಜ್ಜೆ ತುಸು ಚಿಕ್ಕದಾದರೆ ಅದನ್ನು ಮುಂದೆಲ್ಲೋ ಸರಿದೂಗಿಸಿಕೊಳ್ಳಬಹುದಿತ್ತು. ಹರ್ಡಲ್ಸ್‌ನಲ್ಲಿ ಆ ಅವಕಾಶವಿಲ್ಲ. ಮೊದಲ ಹರ್ಡಲ್‌ಗೆ 45 ಮೀಟರ್, ಆಮೇಲೆ ಒಂದರಿಂದ ಇನ್ನೊಂದಕ್ಕೆ 35 ಮೀಟರ್, ಕೊನೆಯದನ್ನು ದಾಟಿದ ಮೇಲೆ ಗುರಿಗೆ 40 ಮೀಟರ್. ಹರ್ಡಲ್‌ಗೆ ಸುಮಾರು ಎರಡು ಮೀಟರ್ ಇರುವಾಗಲೇ ನೆಲ ಬಿಟ್ಟು, ಆಚೆ ಒಂದು ಮೀಟರ್ ದೂರದಲ್ಲಿ ಕಾಲೂರಿದರೆ, ನಡುವೆ ಓಡಲು ಉಳಿಯುವುದು 32 ಮೀಟರ್. ವಿಶ್ವಮಟ್ಟದ ಓಟಗಾರ್ತಿಯರಲ್ಲಿ ಅನೇಕರು ಅದನ್ನು 15 ಹೆಜ್ಜೆಗಳಲ್ಲಿ ಮುಗಿಸುತ್ತಾರೆ. ನನ್ನ ಎಂಟುನೂರು ಮೀಟರಿನ ಹೆಜ್ಜೆ ಒಂದೂಮುಕ್ಕಾಲು ಮೀಟರ್. ಹದಿನೆಂಟು ಹೆಜ್ಜೆ ಹಾಕಿದ ಮೇಲೂ ಅರ್ಧ ಮೀಟರ್ ಉಳಿಯುತ್ತದೆ.

ಈ ಹದಿನೆಂಟೇ ನನ್ನ ತೊಡಕು. ಹೆಜ್ಜೆಗಳು ಬೆಸಸಂಖ್ಯೆಯಲ್ಲಿದ್ದರೆ ಪ್ರತಿ ಹರ್ಡಲ್‌ಗೂ ಅದೇ ಕಾಲು ಮುಂದೆ ಬರುತ್ತದೆ. ಸಮಸಂಖ್ಯೆಯಲ್ಲಿದ್ದರೆ ಒಮ್ಮೆ ಎಡಗಾಲು, ಮತ್ತೊಮ್ಮೆ ಬಲಗಾಲು. ನನಗೆ ಎಡಗಾಲು ಮಾತ್ರ ಒಗ್ಗಿತ್ತು. ಹಾಗಾಗಿ ಎರಡನೆಯ ಹರ್ಡಲ್ ಹತ್ತಿರವಾದಂತೆ ಕಾಲು ಬದಲಿಸಲು ಪುಟ್ಟ ಪುಟ್ಟ ಹೆಜ್ಜೆ ಇಡುತ್ತಿದ್ದೆ, ವೇಗವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಇದೇ ಸ್ಪರ್ಧೆಯಲ್ಲಿ ಕಂಚು ಕೈತಪ್ಪಿದ್ದು ಸೆಕೆಂಡಿನ ನೂರನೇ ಒಂದು ಭಾಗದಿಂದ. ಒಂದೇ ಒಂದು ಹರ್ಡಲ್‌ನ ಮುಂದೆ ತಡವರಿಸಿದರೆ ಅದರ ಹತ್ತಾರು ಪಟ್ಟು ಸಮಯ ಹೋಗುತ್ತದೆ.

“ಹಾರಬೇಡಮ್ಮ, ಓಡ್ತಾ ಓಡ್ತಾ ದಾಟ್ಕೊಂಡು ಹೋಗು” ಎಂದು ನನಗೆ ಕಲಿಸುವ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ಆ ಮಾತು ಅರ್ಥವಾದದ್ದು ಹಿಂದಿನ ಕಾಲಿನ, ಅಂದರೆ ಮುಂದಿಟ್ಟ ಕಾಲಿನ ಬೆನ್ನಿಗೇ ಹರ್ಡಲ್ ದಾಟುವ ಕಾಲಿನ, ಅಭ್ಯಾಸ ಶುರುವಾದ ಮೇಲೆ. ಹರ್ಡಲ್‌ನ ಪಕ್ಕದಲ್ಲಿ ನಿಧಾನವಾಗಿ ನಡೆಯುತ್ತಾ ಆ ಒಂದು ಕಾಲನ್ನಷ್ಟೇ ಅದರ ತುದಿಯ ಅಡ್ಡಪಟ್ಟಿಯ ಮೇಲೆ ತರಬೇಕು: ಮೊಣಕಾಲನ್ನು ಮಡಚಿ ಪಕ್ಕಕ್ಕೆ ಎತ್ತಿ, ಕಾಲ್ಬೆರಳುಗಳನ್ನು ಹೊರಕ್ಕೆ ತಿರುಗಿಸಿ, ಕಂಕುಳಿನ ಕೆಳಗಿನಿಂದ ಎದೆಯ ಮುಂದಕ್ಕೆ ಎಳೆದುಕೊಳ್ಳಬೇಕು. ಕಾಲ್ಬೆರಳು ಸ್ವಲ್ಪ ಜೋತುಬಿದ್ದರೂ ಕಣಕಾಲಿನ ಒಳಗಂಟು ಪಟ್ಟಿಗೆ ಬಡಿಯುತ್ತದೆ. ನನ್ನದು ಆ ತಿಂಗಳಿಡೀ ನೀಲಿಗಟ್ಟಿತ್ತು. ಎಡಗಾಲಿನ ಪಾಠ ಮುಗಿಯಿತು ಎನ್ನುವಾಗ ಮೇಷ್ಟ್ರು ಬಲಗಾಲಿಗೆ ಅದನ್ನೇ ಮೊದಲಿನಿಂದ ಮಾಡಿಸಿದರು. ತಿರುವಿನಲ್ಲಿ ಬಲಗಾಲು ಮುಂದಿಟ್ಟು ದಾಟುವಾಗ ಹಿಂದಿನಿಂದ ಬರುವ ಎಡಗಾಲು ಹರ್ಡಲ್‌ನ ಒಳಬದಿಯಲ್ಲಿ ಪಟ್ಟಿಗಿಂತ ಕೆಳಗೆ ಹಾದುಹೋದರೆ ಸ್ಪರ್ಧೆಯಿಂದಲೇ ಹೊರಗೆ. ಅದಕ್ಕಾಗಿ ತಿರುವಿನ ಹರ್ಡಲ್‌ಗಳಲ್ಲಿ ಈಗ ಪಟ್ಟಿಯ ನಡುವನ್ನೇ ಗುರಿ ಮಾಡಿಕೊಳ್ಳುತ್ತೇನೆ.

ಹೊಸಬರು ಕೇಳದಿದ್ದರೂ ನಾನು ಹೇಳುವ ಇನ್ನೊಂದು ಸಂಗತಿಯಿದೆ. ಹರ್ಡಲ್‌ನ ಅಡಿಗಾಲುಗಳು ಓಡಿ ಬರುವವರ ಕಡೆಗೇ ಚಾಚಿರಬೇಕು. ಹಾಗಿದ್ದರೆ ಕಾಲು ತಾಗಿದಾಗ ಅದು ಮುಂದಕ್ಕೆ ಮಗುಚಿ ನಮ್ಮನ್ನು ಬಿಟ್ಟುಕೊಡುತ್ತದೆ. ಸ್ಪರ್ಧೆಯ ಹರ್ಡಲ್ ಉರುಳಲು 3.6 ರಿಂದ 4 ಕಿಲೋ ಭಾರದಷ್ಟು ಬಲ ಸಾಕು ಎಂಬುದು ನಿಯಮ. ಒಂದು ಮುಂಜಾನೆ ಮೇಷ್ಟ್ರು ಬರುವ ಮೊದಲೇ ಆತುರದಲ್ಲಿ ನಾನದನ್ನು ತಿರುಗಿಸಿ ಇಟ್ಟುಕೊಂಡಿದ್ದೆ. ಕಾಲು ತಾಗಿತು, ಹರ್ಡಲ್ ಕದಲಲಿಲ್ಲ, ಎರಡೂ ಅಂಗೈಗಳ ಸಿಪ್ಪೆ ಸುಲಿಯಿತು. ಒಬ್ಬರೇ ಅಭ್ಯಾಸ ಮಾಡುವವರು ದಯವಿಟ್ಟು ಇದನ್ನು ಎರಡು ಸಲ ನೋಡಿಕೊಳ್ಳಿ.

ಹಾಗಾದರೆ ಎಂಟುನೂರು ಮೀಟರಿನ ದಮ್ಮು ಉಪಯೋಗಕ್ಕೆ ಬರುವುದಿಲ್ಲವೇ? ಖಂಡಿತ ಬರುತ್ತದೆ, ಆದರೆ ಏಳನೆಯ ಹರ್ಡಲ್ ಕಳೆದ ಮೇಲೆ. ನಮ್ಮ ನೆರೆಯ ಉಡುಪಿ ಜಿಲ್ಲೆಯ ಅಶ್ವಿನಿ ಅಕ್ಕುಂಜಿ 2010ರ ಗುವಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನವನ್ನೂ 4×400 ರಿಲೇ ಚಿನ್ನವನ್ನೂ ಗೆದ್ದರು; ಈ ಸ್ಪರ್ಧೆಗೆ ಬರಿಯ ಓಟದ ಬಲ ಎಷ್ಟು ಬೇಕೆಂಬುದು ನನಗೆ ಅದರಿಂದಲೇ ಮನದಟ್ಟಾಯಿತು. ಇತರರ ಹೆಜ್ಜೆ ಕುಗ್ಗುವ ಕೊನೆಯ ನೂರು ಮೀಟರಿನಲ್ಲಿ ನನ್ನ ಹೆಜ್ಜೆ ಅಷ್ಟಾಗಿ ಕುಗ್ಗುವುದಿಲ್ಲ. ಹದಿನೆಂಟನ್ನು ಬಿಟ್ಟು ಹದಿನೇಳಕ್ಕೆ ಬರಬೇಕೆಂಬ ಆಸೆ ಇದೆ; ಅದಕ್ಕೆ ಪ್ರತಿ ಹೆಜ್ಜೆಯೂ ಸುಮಾರು ಹದಿಮೂರು ಸೆಂಟಿಮೀಟರ್ ಉದ್ದವಾಗಬೇಕು. ಸದ್ಯಕ್ಕೆ ಮೊದಲ ಐದು ಹರ್ಡಲ್‌ಗಳವರೆಗೆ ಅದು ಸಾಧ್ಯವಾಗುತ್ತಿದೆ. ಆರನೆಯದರಿಂದ ಮತ್ತೆ ಹದಿನೆಂಟು, ಎಡಗಾಲು, ಬಲಗಾಲು.